ಇಚಲಕರಂಜಿಯ ಐದು ರಾಣಿಯರು

ಮಕ್ಕಳ ಕೈಗೆ ಕಟ್ಟಿಗೆಯ ಕತ್ತಿ ಕೊಟ್ಟು ರಂಗದ ಮೇಲೆ ನಿಲ್ಲಿಸಿದ ದಿನದಿಂದ ನನ್ನ ಒಂದು ವಾರವೂ ನೆಟ್ಟಗೆ ಹೋಗಿಲ್ಲ. ಹೋಗಲಿ ಅಂತ ಈಗ ನಾನೂ ಬಯಸುವುದಿಲ್ಲ.

ಇಚಲಕರಂಜಿಯ ಒಂದು ಕನ್ನಡ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹೋದ ವರ್ಷ ಕೊಲ್ಹಾಪುರಕ್ಕೆ ಹೋದಾಗ ಕಾಲೇಜು ಹುಡುಗರು ಮರಾಠಿಯಲ್ಲಿ ಆಡಿದ ಒಂದು ಪಾಪ್ ಸಂಗೀತ ನಾಟಕ ನೋಡಿದೆ. ಗಿಟಾರು, ಡ್ರಮ್ಮು, ಬಣ್ಣದ ದೀಪ. ಕಿತ್ತೂರಿನ ಚೆನ್ನಮ್ಮ, ಕೆಳದಿಯ ಚೆನ್ನಮ್ಮ, ಉಳ್ಳಾಲದ ಅಬ್ಬಕ್ಕ, ಚಾಂದಬೀಬಿ, ತಾರಾರಾಣಿ, ಹೀಗೆ ಐದು ಜನ ರಾಣಿಯರು ಕೈಯಲ್ಲಿ ಮೈಕು ಹಿಡಿದು ತಮ್ಮ ತಮ್ಮ ಕಥೆ ಹಾಡುತ್ತಾರೆ. ವಾಪಸು ಬರುವ ಬಸ್ಸಿನಲ್ಲೇ ನಿರ್ಧಾರ ಮಾಡಿಬಿಟ್ಟೆ: ಇದನ್ನು ನಮ್ಮ ಮಕ್ಕಳಿಂದ ಕನ್ನಡದಲ್ಲಿ ಆಡಿಸಬೇಕು, ಕೊಲ್ಹಾಪುರದಲ್ಲಿ ನಡೆಯುವ ಕನ್ನಡ ಶಾಲೆಗಳ ನಾಟಕ ಸ್ಪರ್ಧೆಗೆ ಒಯ್ಯಬೇಕು.

ನಾಟಕ ಬರೆದ ಹುಡುಗನಿಗೆ ಫೋನು ಮಾಡಿ, ಎರಡೂವರೆ ತಾಸಿನದನ್ನು ಮುಕ್ಕಾಲು ತಾಸಿಗೆ ಇಳಿಸಬೇಕು, ಕತ್ತರಿಸಲೇ ಅಂತ ಕೇಳಿದೆ. "ಕಾಯ್ ಪಣ್ ಕಾಪಾ ಬಾಯಿ, ಫಕ್ತ ರಾಣ್ಯಾಂಚಿ ಡೋಕಿ ಸೋಡಾ" ಅಂದ. ಏನಾದರೂ ಕತ್ತರಿಸಿರಿ, ರಾಣಿಯರ ತಲೆಯೊಂದು ಬಿಡಿ.

ನಮ್ಮ ಹೆಡ್ ಮಾಸ್ತರು ಅಷ್ಟು ಉದಾರಿಗಳಲ್ಲ. "ಈ ಸಲ ಶಾಲಿಗೆ ಹೆಸರು ಬಂದ್ರ ನಾಟಕ ಮುಂದ ನಡೀಲಿ. ಇಲ್ಲಂದ್ರ ಆ ಪಿರಿಯಡ್ಡು ಗಣಿತಕ್ಕ" ಅಂದರು. ಗಣಿತದ ಸರ್ ಅಲ್ಲೇ ಕೂತಿದ್ದರು. ಅವರ ಮುಖದಲ್ಲಿ ಮೂಡಿದ ಸಂತೋಷ ನೋಡಿ ನನ್ನ ಹಟ ಇನ್ನೂ ಗಟ್ಟಿಯಾಯಿತು.

೧. ಮದಿರೆ

ನಾನು ಬರೆದ ಕನ್ನಡ ಪ್ರತಿಯನ್ನು ಹೆಡ್ ಮಾಸ್ತರು ಕೆಂಪು ಪೆನ್ನು ಹಿಡಿದು ಓದಿದರು. ಪ್ರೇಮದ ಹಾಡನ್ನು ನಾನೇ ತೆಗೆದಿದ್ದೆ, ಬೈಗುಳವನ್ನೂ ತೆಗೆದಿದ್ದೆ. ಒಂದು ದೃಶ್ಯ ಮಾತ್ರ ಉಳಿದಿತ್ತು. ವೈರಿ ಸೈನಿಕರು ಬಿಡಾರದಲ್ಲಿ ಮದಿರೆ ಕುಡಿದು, ಮೈಮರೆತು ಬೀಳುತ್ತಾರೆ. ಅದೇ ಹೊತ್ತಿಗೆ ಅಬ್ಬಕ್ಕ ತನ್ನ ಜನರೊಡನೆ ಬಂದು ಮುತ್ತುತ್ತಾಳೆ. ಮಾಸ್ತರು 'ಮದಿರೆ' ಹೊಡೆದು ಹಾಕಿ ಮೇಲೆ 'ಮಜ್ಜಿಗೆ' ಅಂತ ಬರೆದರು.

"ಸರ್, ಅವರು ಅಮಲೇರಿ ಬೀಳಬೇಕ್ರಿ" ಅಂದೆ.

"ಸಣ್ಣ ಮಕ್ಕಳು ಸ್ಟೇಜಿನ ಮ್ಯಾಲೆ ಸೆರೆ ಕುಡದ್ರ ನಾಳಿ ಪಾಲಕರು ನನ್ನ ಕೇಳ್ತಾರ. ಮಜ್ಜಿಗಿ ಇರಲಿ."

ತಾಲೀಮು ಶುರುವಾಯಿತು. ಸೈನಿಕರಾಗಿದ್ದ ಆರನೇ ಇಯತ್ತೆಯ ಹುಡುಗರು ಖಾಲಿ ಲೋಟ ಎತ್ತಿ ಮಜ್ಜಿಗೆ ಕುಡಿದರು, ಬಾಯಿ ಒರೆಸಿಕೊಂಡರು, ನೆಟ್ಟಗೆ ನಿಂತರು. ಅಬ್ಬಕ್ಕ ಬಂದು ಅವರ ಎದುರು ಕಾಯುತ್ತ ನಿಂತಳು. ಒಬ್ಬನೂ ಬೀಳಲಿಲ್ಲ.

"ಯಾಕೋ, ಬೀಳ್ರಿ" ಅಂದೆ.

ಸೇನಾಪತಿ ಕೇಳಿದ: "ಅಕ್ಕೋರ, ಮಜ್ಜಿಗಿ ಕುಡದ್ರ ಯಾಕ ಬೀಳ್ತಾರ್ರಿ?"

ನಾನು ಮಾಸ್ತರ ಕಡೆ ನೋಡಿದೆ. ಅವರು ಮೂಗಿನ ಮೇಲಿನ ಚಾಳೀಸು ತೆಗೆದು, ಇತಿಹಾಸದ ಪಾಠ ಹೇಳುವ ದನಿಯಲ್ಲಿ ಅಂದರು: "ಹುಳಿ ಮಜ್ಜಿಗಿ ಕುಡದ್ರ ಬೀಳ್ತಾರಪಾ. ಸಂಶಯ ಇದ್ರ ಮಧ್ಯಾಹ್ನ ಊಟ ಆದಮ್ಯಾಲೆ ಸ್ಟಾಫ್ ರೂಮಿಗೆ ಬಂದು ನೋಡು."

೨. ಸಾಯದ ರಾಣಿ

ಐದು ರಾಣಿಯರು, ಇಪ್ಪತ್ತೊಂದು ಹುಡುಗಿಯರು. ದಾಸಿಯಾಗಲು ಒಬ್ಬಳೂ ತಯಾರಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ. ಪ್ರತಿ ರಾಣಿಗೂ ಒಬ್ಬಳು ಮುಂದೆ ನಿಂತು ಹಾಡುವವಳು, ಹಿಂದೆ ಮೂವರು ಅವಳದೇ ದನಿಯಾಗಿ ಹಾಡುವವರು. ಉಳಿದ ಒಬ್ಬಳು ಸೂತ್ರಧಾರಿ. ಎಲ್ಲರೂ ರಾಣಿಯೇ ಅಂತ ಮನೆಯಲ್ಲಿ ಹೇಳಬಹುದು.

ಮರುದಿನ ಒಬ್ಬ ಅಜ್ಜಿ ಬಂದರು. ಮೊಮ್ಮಗಳಿಗೆ ಚಾಂದಬೀಬಿಯ ಪಾತ್ರ ಸಿಕ್ಕಿತ್ತು.

"ಆ ರಾಣಿ ಸಾಯ್ತಾಳಂತಲ್ರಿ. ನಮ್ಮ ಕೂಸಿಗೆ ಸಾಯದ ರಾಣಿ ಕೊಡ್ರಿ."

"ಆಯಿ, ಇದು ಇತಿಹಾಸ. ಎಲ್ಲಾ ರಾಣಿಗೋಳು ಸತ್ತಾರ್ರಿ."

ಅಜ್ಜಿ ಸೆರಗು ಸರಿ ಮಾಡಿಕೊಂಡರು. ಆಮೇಲೆ ಬಹಳ ರಾಜಿಯ ದನಿಯಲ್ಲಿ, "ಸಾಯಲಿ, ನಾ ಬ್ಯಾಡ ಅನ್ನೂದಿಲ್ಲ. ಪರದೆ ಬಿದ್ದಮ್ಯಾಲೆ ಸಾಯಲಿ" ಅಂದರು.

ನಾನು ಒಪ್ಪಿದೆ. ನಮ್ಮ ಚಾಂದಬೀಬಿ ಕೊನೆಯ ತನಕ ಕೋಟೆಯ ಗೋಡೆಯ ಮೇಲೆ ಜೀವಂತ ನಿಂತಿದ್ದಳು. ಪರದೆ ಬಿದ್ದ ಮೇಲೆ ಧಪ್ಪಂತ ಬಿದ್ದ ಸಪ್ಪಳ ಮಾತ್ರ ಪ್ರತಿ ಸಲ ಹೊರಗೆ ಕೇಳುತ್ತಿತ್ತು. ಪಾತ್ರದಲ್ಲಿ ಅಷ್ಟು ನಿಷ್ಠೆ ಆ ಹುಡುಗಿಗೆ.

೩. ನಾಲ್ಕನೇ ಮಗ್ಗ

ನಮ್ಮ ಶಾಲೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಒಂದು ಪವರ್‌ಲೂಮಿನ ಶೆಡ್ಡು. ದಿನವಿಡೀ ಖಟಕ್ ಖಟಕ್ ನಡೆದೇ ಇರುತ್ತದೆ. ಆ ಸದ್ದಿನ ಮೇಲೆ ಪಾಠ ಹೇಳಿ ಹೇಳಿ ನನ್ನ ದನಿ ಎಷ್ಟು ದೊಡ್ಡದಾಗಿದೆಯೆಂದರೆ, ಕೊಲ್ಹಾಪುರದ ನನ್ನ ತಂಗಿ ನಾನು ಫೋನು ಮಾಡಿದರೆ ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಾಳೆ.

ಹಾಡಿಗೆ ಹಾರ್ಮೋನಿಯಂ ಪೆಟ್ಟಿಗೆ ಬಾರಿಸಲು ಹಾತಕಣಂಗಲೆಯಿಂದ ಒಬ್ಬ ನಿವೃತ್ತ ಸಂಗೀತದ ಮಾಸ್ತರು ಬರುತ್ತಿದ್ದರು. ಮಕ್ಕಳ ತಾಳ ಕೇಳಿ ಅವರಿಗೆ ಆಶ್ಚರ್ಯ. "ಡ್ರಮ್ಮು ಇಲ್ಲದ ಇಷ್ಟು ಪಕ್ಕಾ ಲಯ ನಾ ಎಲ್ಲೂ ನೋಡಿಲ್ರಿ" ಅನ್ನುತ್ತಿದ್ದರು. ನಾನು ಹೆಮ್ಮೆಯಿಂದ ಉಬ್ಬಿದ್ದೆ.

ಒಂದು ದಿನ ಕರೆಂಟು ಹೋಯಿತು. ಮಗ್ಗ ನಿಂತವು. ಊರಿಗೆ ಊರೇ ಮೌನ. ತಾರಾರಾಣಿ ಬಾಯಿ ತೆರೆದಳು. ಮುಂದಿನವಳು ಒಂದು ಕಡೆ, ಹಿಂದಿನ ಮೂವರು ಮೂರು ಕಡೆ. ಕರೆಂಟಿನ ಜೊತೆಗೇ ಮಕ್ಕಳ ಲಯವೂ ಹೋಗಿತ್ತು.

"ಏನಾತವಾ?" ಅಂದೆ.

"ಅಕ್ಕೋರ, ಆಕಡೆ ಶೆಡ್ಡಿನಾಗ ಸದ್ದಿಲ್ರಿ. ನಾವು ಅದನ್ನ ಹಿಡದ ಹಾಡ್ತೇವ್ರಿ."

ಮರುದಿನ ನಾನೇ ಶೆಡ್ಡಿನ ಮಾಲಕರ ಕಡೆ ಹೋದೆ. ಒಂದು ಮಗ್ಗ ಓಡುವಾಗ ಅದರ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು, ಸ್ಪರ್ಧೆಯಲ್ಲಿ ಹಾಡಿನ ಹಿಂದೆ ಹಚ್ಚಬೇಕು ಅಂತ ವಿವರಿಸಿದೆ. ಅವರು ನನ್ನನ್ನು ಸಾಲಿನ ತುದಿಗೆ, ನಾಲ್ಕನೇ ಮಗ್ಗದ ಹತ್ತಿರ ಕರೆದೊಯ್ದರು. ನಮ್ಮ ಗೋಡೆಗೆ ಹತ್ತಿರದ್ದು ಅದೇ.

"ಅಕ್ಕೋರ, ಇಷ್ಟು ವರ್ಷ ನಿಮ್ಮ ಶಾಲಿಯವರು ಬಂದಾರ, ಸದ್ದು ಕಡಿಮಿ ಮಾಡ್ರಿ ಅಂತ" ಅಂದರು. "ಸದ್ದು ಬೇಕು ಅಂತ ಬಂದವರು ನೀವ ಮೊದಲ. ಚಹಾ ಕುಡದ ಹೋಗ್ರಿ."

೪. ಪಾರ್ಟು

ಕಿತ್ತೂರಿನ ಚೆನ್ನಮ್ಮನಾಗಿದ್ದ ಹುಡುಗಿ ಎಂಟನೇ ಇಯತ್ತೆಯವಳು. ನಾಟಕ ನಿಂತದ್ದೇ ಅವಳ ಕಂಠದ ಮೇಲೆ. ಅಂಥವಳು ಮೂರು ದಿನ ತಾಲೀಮಿಗೆ ಬರಲಿಲ್ಲ. ಕೇಳಿದರೆ, "ಕುಣಿಯೂದು ಬ್ಯಾಡ ಅಂತಾನ್ರಿ ಅಪ್ಪ" ಅಂದಳು. ಕಣ್ಣು ಕೆಂಪಗಾಗಿದ್ದವು. ಅವಳಷ್ಟೇ ನನಗೂ ಸಂಕಟವಾಯಿತು. ಬೇರೆ ಹುಡುಗಿಯನ್ನು ಹಾಕಿಕೊಳ್ಳಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಅವಳ ಅಪ್ಪ ಕೆಲಸ ಮಾಡುವ ಶೆಡ್ಡು ಊರಿನ ಆ ತುದಿಗಿತ್ತು. ಪಾಳಿ ನಡೆದಾಗಲೇ ಹೋದೆ. ಸುತ್ತಲೂ ಮಗ್ಗಗಳ ಅಬ್ಬರ. ಅವರ ಕಿವಿಯ ಹತ್ತಿರ ಹೋಗಿ ಕೂಗಿದೆ: "ನಿಮ್ಮ ಮಗಳು ನಾಟಕಕ್ಕ ಬೇಕ್ರಿ. ಇಲ್ಲಂದ್ರ ನಾಟಕ ಇಲ್ಲ."

ಅವರು ಕೈ ಒರೆಸಿಕೊಂಡು, ಅಂಗಿ ಜಗ್ಗಿ ಸರಿ ಮಾಡಿಕೊಂಡರು. ಆಮೇಲೆ ಕೂಗಿದರು: "ಯಾವಾಗ ಬರಬೇಕ್ರಿ?"

"ನಾಳಿ ನಾಲ್ಕಕ್ಕ."

ತಲೆಯಾಡಿಸಿದರು. ಇಷ್ಟು ಸುಲಭವೇ ಅಂತ ನಾನು ಗೆದ್ದ ಸೈನ್ಯದಂತೆ ಮನೆಗೆ ಹೋದೆ.

ಮರುದಿನ ನಾಲ್ಕಕ್ಕೆ ಅವರೇ ಬಂದರು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಹೊಸದಾಗಿ ಕ್ಷೌರ. ಮಗಳು ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

"ಹೇಳ್ರಿ ಅಕ್ಕೋರ, ನನ್ನ ಪಾರ್ಟು ಯಾವುದು?"

ಮಗ್ಗದ ಸದ್ದಿನಲ್ಲಿ ಅವರಿಗೆ 'ನೀವು ನಾಟಕಕ್ಕ ಬೇಕು' ಅಂತ ಕೇಳಿಸಿತ್ತು. ಸಣ್ಣವರಿದ್ದಾಗ ಒಮ್ಮೆ ಶಾಲೆಯ ನಾಟಕದಲ್ಲಿ ದ್ವಾರಪಾಲಕನ ಪಾರ್ಟು ಕೊಟ್ಟು, ಕಡೇ ದಿನ ಕಸಿದುಕೊಂಡಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಿ, 'ತಪ್ಪಾಗಿ ಕೇಳೀರಿ' ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

"ಪರದೆ ಎಳಿಯೂದು ನಿಮ್ಮ ಪಾರ್ಟು" ಅಂದೆ. "ನೀವು ಎಳೀಲಿಲ್ಲಂದ್ರ ಒಬ್ಬ ರಾಣಿನೂ ಹೊರಗ ಬರೂದಿಲ್ಲ. ಆದರ ಮೊದಲ ಬರೂ ರಾಣಿ ನಿಮ್ಮ ಮಗಳು."

ಅವರು ಮಗಳ ಕಡೆ ತಿರುಗಿದರು. "ಕುಣಿಯೂದು ಬ್ಯಾಡ ಅಂದಿದ್ದೆ."

"ನಾ ಕುಣಿಯೂದಿಲ್ಲಪ್ಪ. ಯುದ್ಧ ಮಾಡ್ತೇನಿ."

"ಯುದ್ಧ ಆದ್ರ ಅಡ್ಡಿ ಇಲ್ಲ" ಅಂದರು.

ಅಂದಿನಿಂದ ಅಪ್ಪ, ಮಗಳು ಇಬ್ಬರೂ ಒಂದು ತಾಲೀಮೂ ತಪ್ಪಿಸಲಿಲ್ಲ. ಕಷ್ಟವಾದದ್ದು ನನಗೆ. 'ಹಾಡುವಾಗ ಸ್ವಲ್ಪ ನಗವಾ' ಅಂತ ಅವಳಿಗೆ ಹೇಳಿದರೆ ಸಾಕು, ಅವಳ ಅಪ್ಪ ಹಗ್ಗ ಹಿಡಿದುಕೊಂಡೇ ಬದಿಯಿಂದ ಕೇಳುತ್ತಿದ್ದರು: "ಅಕ್ಕೋರ, ಯುದ್ಧದಾಗ ಯಾರು ನಗ್ತಾರ್ರಿ?"

೫. ಇಬ್ಬರು ಚೆನ್ನಮ್ಮಂದಿರು

ಸ್ಪರ್ಧೆಗೆ ಮೊದಲು ಒಂದು ಪ್ರಯೋಗ ಇರಲಿ ಅಂತ ಗಡಹಿಂಗ್ಲಜಿನ ಒಂದು ಸಭಾಗೃಹದಲ್ಲಿ ನಾಟಕ ಇಟ್ಟೆವು. ಕನ್ನಡದವರು, ಮರಾಠಿಯವರು, ಎರಡನ್ನೂ ಒಂದೇ ವಾಕ್ಯದಲ್ಲಿ ಆಡುವವರು, ಎಲ್ಲ ಸೇರಿ ಸಭಾಗೃಹ ತುಂಬಿತ್ತು.

ಮೊದಲಿನ ದೃಶ್ಯ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಇಂಗ್ಲಿಷ್ ಸಾಹೇಬ ಬಂದು ಕಿತ್ತೂರಿನ ಖಜಾನೆಯ ಕೀಲಿ ಕೇಳಬೇಕು. ಐದನೇ ಇಯತ್ತೆಯ ಗುಂಡಗಿನ ಹುಡುಗ, ತಲೆಯ ಮೇಲೆ ದೊಡ್ಡ ಹ್ಯಾಟು. ಅವನು 'ಕಿತ್ತೂರಿನ ಚೆನ್ನಮ್ಮ' ಅನ್ನುವ ಬದಲು ಬರೇ, "ಚೆನ್ನಮ್ಮಾ, ಖಜಾನೆಯ ಕೀಲಿ ಕೊಡು" ಅಂದುಬಿಟ್ಟ.

ಕಿತ್ತೂರಿನವಳ ಕಿರೀಟದ ಪಿನ್ನು ಅದೇ ಹೊತ್ತಿಗೆ ಬಿಚ್ಚಿತ್ತು. ನಾನು ಬದಿಯಲ್ಲಿ ಅದನ್ನು ಹಚ್ಚುತ್ತಿದ್ದೆ. ಆ ಕಡೆಯಿಂದ ಕೆಳದಿಯ ಚೆನ್ನಮ್ಮ ತನ್ನನ್ನೇ ಕರೆದರೆಂದು ತಿಳಿದು ಕತ್ತಿ ಹಿಡಿದು ಬಂದೇಬಿಟ್ಟಳು. ಸಾಹೇಬ ಅವಳನ್ನು ನೋಡಿ ಗಾಬರಿಯಾದ. ಇವಳ ಕಾಲಕ್ಕೂ ಅವನ ಕಾಲಕ್ಕೂ ನೂರು ವರ್ಷಕ್ಕಿಂತ ಹೆಚ್ಚು ಅಂತರ. ಅವಳಿಗೂ ತಪ್ಪು ಗೊತ್ತಾಯಿತು. ಆದರೆ ಹಿಂದೆ ಸರಿಯುವ ಜಾತಿಯ ಹುಡುಗಿ ಅಲ್ಲ ಅವಳು.

"ರಾಜಾರಾಮ ಮಹಾರಾಜರನ್ನ ನನ್ನ ಆಸರದಾಗ ಇಟ್ಕೊಂಡಾಗ ದಿಲ್ಲಿ ಬಾದಶಹಾ ಕೇಳಿದ, ನಾ ಕೊಡಲಿಲ್ಲ" ಅಂದಳು. "ನಿನಗ ಕೀಲಿ ಕೊಡ್ತೇನೇನು?"

ಮರಾಠಿ ಮಂದಿ ಎದ್ದು ನಿಂತು ಶಿಳ್ಳೆ ಹಾಕಿದರು. ಕನ್ನಡದವರು ಚಪ್ಪಾಳೆ ಬಿಡಲಿಲ್ಲ. ಅಷ್ಟರಲ್ಲಿ ಕಿರೀಟ ಸರಿಯಾಗಿ ಕಿತ್ತೂರಿನ ಚೆನ್ನಮ್ಮನೂ ಬಂದು ಪಕ್ಕಕ್ಕೆ ನಿಂತಳು. ಎರಡು ಕತ್ತಿ ಎದುರಿಗೆ ಕಂಡ ಸಾಹೇಬ ಹ್ಯಾಟು ತೆಗೆದು, ಅಪ್ಪಟ ಇಚಲಕರಂಜಿ ಕನ್ನಡದಲ್ಲಿ, "ತಪ್ಪಾತ್ರಿ, ನಾಳಿ ಬರ್ತೇನ್ರಿ" ಅಂದು ಹೊರಟುಹೋದ.

೬. ಗಟ್ಟಿ ಹೆಂಗಸು

ಕೊಲ್ಹಾಪುರದಲ್ಲಿ ನಮಗೆ ಎರಡನೆಯ ಬಹುಮಾನ ಬಂತು. ನಾಟಕದ ಪಿರಿಯಡ್ಡು ಉಳಿಯಿತು. ಆದರೆ ಆ ಬಹುಮಾನ ಕೈಗೆ ಸಿಕ್ಕದ್ದು ಹೇಗೆ ಅಂತ ಹೇಳಬೇಕು.

ನಾಟಕದ ಕೊನೆಗೆ ಕಿತ್ತೂರಿನ ಚೆನ್ನಮ್ಮ ಮುಂದೆ ಬಂದು, ಕತ್ತಿ ಎತ್ತಿ ಸಭೆಗೆ ಕೇಳುತ್ತಾಳೆ: "ನನ್ನಷ್ಟು ಗಟ್ಟಿ ಹೆಂಗಸು ಇಲ್ಲಿ ಯಾರಾದರೂ ಇದ್ದರೆ ಎದ್ದು ನಿಲ್ಲಿರಿ." ಯಾರೂ ಏಳುವುದಿಲ್ಲ. ಆಗ ಐವರೂ ಸೇರಿ ಕೊನೆಯ ಹಾಡು ಹಾಡುತ್ತಾರೆ. ಬರೆದದ್ದು ಹಾಗೆ.

ಅಂದು ಮೂರನೇ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ನಲವತ್ತರ ಆಚೀಚೆ, ಕೈಯಲ್ಲಿ ಬಟ್ಟೆಯ ಚೀಲ.

"ನಾ ಅದೇನಿ" ಅಂದಳು.

ಚೆನ್ನಮ್ಮ ಓರೆಗಣ್ಣಿನಿಂದ ನನ್ನನ್ನು ನೋಡಿದಳು. ಮುಂದುವರಿ ಅಂತ ಕೈ ಮಾಡಿದೆ. ಹಾಡು ಶುರು ಮಾಡು ಅಂತ ನನ್ನ ಅರ್ಥ. ಮಾತು ಮುಂದುವರಿಸು ಅಂತ ಅವಳು ತಿಳಿದಳು.

"ನೀವು ಯಾವ ಕ್ವಾಟಿ ಕಾದೀರಿ?" ಅಂತ ರಾಣಿಯ ಗತ್ತಿನಲ್ಲೇ ಕೇಳಿದಳು.

"ಕ್ವಾಟಿ ಅಲ್ಲವಾ, ಎರಡು ಖೋಲಿ ಮನಿ. ಬೆಳಗಾಮುಂಜಾನೆ ಐದಕ್ಕ ನಳ ಬರ್ತೈತಿ, ಹದಿನೈದು ನಿಮಿಷಕ್ಕ ಹೋಗ್ತೈತಿ. ಅಷ್ಟರಾಗ ಇಡೀ ಓಣಿ ಎದುರು ಹಾಕ್ಕೊಂಡು ಹದಿನೆಂಟು ಕೊಡ ತುಂಬ್ತೇನಿ. ಆಮ್ಯಾಲೆ ನಮ್ಮ ಅತ್ತಿ ಏಳ್ತಾರ. ಖರೇ ಯುದ್ಧ ಅಲ್ಲಿಂದ ಚಾಲೂ."

ಸಭೆ ನಕ್ಕು ನಕ್ಕು ಸುಸ್ತಾಯಿತು. ಚೆನ್ನಮ್ಮ ಮಾತ್ರ ನಗಲಿಲ್ಲ. ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿ ಕೇಳಿದಳು: "ನಮ್ಮ ಸೈನ್ಯಕ್ಕ ಬರ್ತೀರೇನ್ರಿ?"

"ಬರ್ತೇನವಾ. ನೀರು ತುಂಬಿದ ಮ್ಯಾಲೆ."

ಆ ಚಪ್ಪಾಳೆಯ ನಡುವೆ ಕೊನೆಯ ಹಾಡು ಯಾರಿಗೂ ಕೇಳಲೇ ಇಲ್ಲ. ಪರದೆ ಬಿತ್ತು. ನಾನು ಗೆದ್ದೆವು ಅಂದುಕೊಂಡೆ. ಅರ್ಧ ತಾಸಿಗೆ ಪರೀಕ್ಷಕರು ನನ್ನನ್ನು ಕರೆಸಿದರು. "ಪ್ರೇಕ್ಷಕರ ನಡುವೆ ಕೂಡಿಸಿದ ಪಾತ್ರಧಾರಿಯ ಅಭಿನಯ ಅತ್ಯಂತ ಸಹಜ" ಅಂತ ಬರೆದಿದ್ದರು. "ಆದರೆ ಈ ಸ್ಪರ್ಧೆ ಹದಿನಾರು ವರ್ಷದ ಒಳಗಿನವರಿಗೆ. ನಿಮ್ಮ ನಾಟಕ ಬಾದ, ಸ್ಪರ್ಧೆಯಿಂದ ಹೊರಗೆ" ಅಂದರು.

"ಅವರು ನಮ್ಮವರಲ್ರಿ. ಯಾರಂತ ನನಗ ಗೊತ್ತ ಇಲ್ಲ" ಅಂದೆ.

ದೊಡ್ಡ ಪರೀಕ್ಷಕರು ನನ್ನನ್ನು ಕನಿಕರದಿಂದ ನೋಡಿದರು. "ಮ್ಯಾಡಮ್, ಮೂವತ್ತು ವರ್ಷ ನಾಟಕ ನೋಡಾಕತ್ತೇನಿ. ಇಂಥಾ ಟೈಮಿಂಗು ತಾಲೀಮು ಇಲ್ಲದ ಬರೂದಿಲ್ಲ."

ಮಕ್ಕಳು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ನಾನು ಹೊರಗೆ ಓಡಿ, ಚಪ್ಪಲಿ ಹುಡುಕುತ್ತಿದ್ದ ಆ ಹೆಂಗಸನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ.

"ನಾ ಆಕ್ಟಿಂಗ್ ಮಾಡಿಲ್ರಿ" ಅಂದಳು. "ರಾಣಿ ಕರದ್ರು, ಎದ್ದೆ. ಸಂಶಯ ಇದ್ರ ನಮ್ಮ ಅತ್ತಿನ್ನ ಕೇಳ್ರಿ. ನನ್ನ ಮಗ್ಗಲದಾಗ ಕುಂತಿದ್ರು."

ಅವಳ ಹಿಂದೆ ಬಾಗಿಲಲ್ಲಿ ಕೋಲೂರಿಕೊಂಡು ಒಬ್ಬ ಮುದುಕಿ ನಿಂತಿದ್ದರು. ಸೊಸೆ ಸಭೆಯಲ್ಲಿ ಹೇಳಿದ್ದನ್ನೆಲ್ಲ ಅವರು ಪಕ್ಕದಲ್ಲೇ ಕೂತು ಕೇಳಿದ್ದರು.

ಪರೀಕ್ಷಕರು ಅಳುಕುತ್ತ ಕೇಳಿದರು: "ಆಯಿ, ಇವರು ಹೇಳಿದ್ದು ಖರೇ ಏನ್ರಿ?"

"ಎಲ್ಲಾ ಖರೇ ಐತ್ರಿ" ಅಂದರು ಮುದುಕಿ. "ಅಕಿ ಗಟ್ಟಿ ಹೆಂಗಸು. ಆದರ ಅಷ್ಟು ಗಟ್ಟಿ ಆಗೂ ಹಂಗ ಇಪ್ಪತ್ತು ವರ್ಷ ತಾಲೀಮು ಕೊಟ್ಟಾಕಿ ನಾನು. ಕಲಿಸಿದವರಿಗೆ ಬ್ಯಾರೆ ಬಹುಮಾನ ಇರ್ತೈತಿ ಅಲ್ರಿ?"