ಕಿಟಕಿ ಸೀಟಿನಲ್ಲಿ ಮಲಗಿರುವ ಸಿಸ್ಟರನ್ನು ಎಬ್ಬಿಸದಿರುವ ಬಗ್ಗೆ

ಇಂದ:
ಹಸೈನಾರ್, ಕಂಡಕ್ಟರ್,
ಮೂಡುಬಿದಿರೆ–ಬೆಳ್ತಂಗಡಿ–ಉಜಿರೆ ಸರ್ವಿಸ್ ಬಸ್ಸು,
ಹಾಗೂ ಸದರಿ ಬಸ್ಸಿನ ಬೆಳಗಿನ ಟ್ರಿಪ್ಪಿನ ಖಾಯಂ ಪ್ರಯಾಣಿಕರು
(ಸಿಸ್ಟರ್ ತೃಪ್ತಿಯವರ ಪರವಾಗಿ. ಅರ್ಜಿಯನ್ನು ಅವರೇ ಬರೆಯಬೇಕಿತ್ತು. ನಿದ್ರೆಯಲ್ಲಿದ್ದಾರೆ.)

ಗೆ:
ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ,
ಸದರಿ ಸಿಸ್ಟರ್ ರಾತ್ರಿಯಿಡೀ ದುಡಿಯುವ ಆಸ್ಪತ್ರೆ,
ಮೂಡುಬಿದಿರೆ

ವಿಷಯ: ಸಿಸ್ಟರ್ ತೃಪ್ತಿಯವರನ್ನು ರಾತ್ರಿ ಪಾಳಿಯಿಂದ ಬಿಡುಗಡೆ ಮಾಡಿ, ಬಸ್ಸಿನ ಕಿಟಕಿ ಸೀಟನ್ನು ಅವರ ಮಲಗುವ ಕೋಣೆಯ ಸ್ಥಾನಮಾನದಿಂದ ಇಳಿಸುವ ಬಗ್ಗೆ.

ಉಲ್ಲೇಖ:
೧. ಪಾಳಿ ಬದಲಿಸಿ ಎಂದು ಸದರಿ ಸಿಸ್ಟರ್ ತಮ್ಮಲ್ಲಿ ಬಾಯಿಮಾತಿನಲ್ಲಿ ಕೇಳಿಕೊಂಡದ್ದು, ಮತ್ತು ಪ್ರತಿ ಸಲವೂ ತಾವು ದಯಪಾಲಿಸಿದ "ಮುಂದಿನ ತಿಂಗಳು ಮಾಡುವ" ಎಂಬ ಉತ್ತರ.
೨. ಕಳೆದ ಸೋಮವಾರ ಡ್ಯೂಟಿ ಮುಗಿಸಿ ಹೊರಟ ಸಿಸ್ಟರ್ ಅದೇ ಬೆಳಿಗ್ಗೆ ಮತ್ತೆ ಡ್ಯೂಟಿಗೆ ಹಾಜರಾದ ಪ್ರಕರಣ.

ಮಾನ್ಯ ಮೇಡಂರವರ ಸನ್ನಿಧಾನಕ್ಕೆ,

ಕೆಳಸಹಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅವನಿಗೆ ಅರ್ಜಿ ಬರೆದು ಅಭ್ಯಾಸವಿಲ್ಲ. "ಕೆಳಸಹಿದಾರ" ಎಂಬ ಶಬ್ದವೂ ಅವನದಲ್ಲ. ಬಂಟ್ವಾಳ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ, ಡ್ರೈವರನ ಹಿಂದಿನ ಸೀಟಿನ ಅಣ್ಣು ಶೆಟ್ಟರು ಕೊಟ್ಟದ್ದು. "'ಆದ್ದರಿಂದ' ಅಂತ ಇಲ್ಲದ ಅರ್ಜಿಯನ್ನು ಯಾರೂ ಓದುವುದಿಲ್ಲ ಮಾರಾಯ" ಎಂದು ಅವರು ಹೇಳಿದ್ದಾರೆ. ಆದ್ದರಿಂದ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಆ ಶಬ್ದವನ್ನು ಹಾಕಲಾಗಿದೆ.

೧. ಸಿಸ್ಟರ್ ತೃಪ್ತಿ ಲಾಯಿಲದ ಕಾಂತಿಯಕ್ಕನ ಸೊಸೆ. ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಈ ಬಸ್ಸು ಹತ್ತುತ್ತಾರೆ, ಮುಂಬಾಗಿಲ ಹತ್ತಿರದ ಕಿಟಕಿಗೆ ತಲೆ ಕೊಡುತ್ತಾರೆ, ಬಸ್ಸು ಸ್ಟ್ಯಾಂಡು ಬಿಡುವ ಮೊದಲೇ ಈ ಲೋಕ ಬಿಡುತ್ತಾರೆ. ನಿದ್ದೆ ಬಂದವನಿಗೆ ಹಾಸಿಗೆ ಬೇಡ ಎನ್ನುತ್ತಾರಲ್ಲ, ನಮ್ಮ ಸಿಸ್ಟರಿಗೆ ಗಾಜೂ ಬೇಡ, ಬರಿಯ ಕಂಬಿ ಸಾಕು.

೨. ಸದರಿ ಸಿಸ್ಟರ್ ನಿದ್ರೆಯಲ್ಲಿಯೂ ಕರ್ತವ್ಯಲೋಪ ಮಾಡುವವರಲ್ಲ. ಪಕ್ಕದಲ್ಲಿ ಯಾರು ಕೂತರೂ ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ. ವೇಣೂರಿನ ಟೈಲರೊಬ್ಬರು ತನ್ನ ನಾಡಿ ಸರಿಯಿದೆ ಎಂದು ತಿಳಿದುಕೊಂಡದ್ದೇ ಹೀಗೆ. ಒಮ್ಮೆ ಕೆಳಸಹಿದಾರನು ಟಿಕೆಟು ಕೊಟ್ಟಾಗ, ಅರೆಗಣ್ಣು ತೆರೆದು, "ಇದು ಊಟಕ್ಕೆ ಮೊದಲಾ, ಊಟ ಆದ ಮೇಲಾ?" ಎಂದು ಕೇಳಿದರು. "ಆದ ಮೇಲೆ ಸಿಸ್ಟರ್" ಎಂದು ಹೇಳಲಾಯಿತು. ಬೇರೇನು ಹೇಳುವುದು? ಅವರು ತಲೆಯಾಡಿಸಿ ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿ ಇಟ್ಟುಕೊಂಡರು.

೩. ಮನೆಗೆ ಹೋಗಿ ಮಲಗಬಾರದೇ ಎಂದು ತಾವು ಕೇಳಬಹುದು. ಮನೆಯಲ್ಲಿ ಹಾಸಿಗೆ ಉಂಟು, ಫ್ಯಾನ್ ಉಂಟು, ಕಾಂತಿಯಕ್ಕನೂ ಇದ್ದಾರೆ. ಸೊಸೆಯ ಮೇಲೆ ಅವರಿಗೆ ಪ್ರಾಣ. ಆದ್ದರಿಂದ ಸೊಸೆಯ ನಿದ್ರೆಯನ್ನು ಅವರು ಸ್ವತಃ ಗೇಟಿನಲ್ಲಿ ನಿಂತು ಕಾಯುತ್ತಾರೆ. ಮೀನಿನ ರಿಕ್ಷಾದವನು ಮೈಕಿನಲ್ಲಿ ಬಂಗುಡೆ ಎಂದು ಅರ್ಧ ಹೇಳುವಷ್ಟರಲ್ಲಿ, "ಓಯ್, ಮೆಲ್ಲ ಮಾರಾಯ! ನನ್ನ ಸೊಸೆ ರಾತ್ರಿಯಿಡೀ ಕಣ್ಣು ಮುಚ್ಚದೆ ಬಂದು ಮಲಗಿದ್ದಾಳೆ!" ಎಂದು ಮೈಕೇ ನಾಚುವಂತೆ ಕೂಗುತ್ತಾರೆ. ಸಿಸ್ಟರ್ ಮೀನಿಗೆ ಏಳುವುದಿಲ್ಲ, ಅತ್ತೆಗೆ ಏಳುತ್ತಾರೆ. ಎದ್ದ ಮೇಲೆ ನೆರೆಮನೆಯವರು, "ಹೇಗೂ ಎಚ್ಚರ ಇದ್ದಾಳಲ್ಲ, ಬಿಪಿ ಒಂದು ನೋಡಲಿ" ಎಂದು ತೋಳು ಮಡಚಿಕೊಂಡು ಬರುತ್ತಾರೆ. ಆದ್ದರಿಂದ ಬಸ್ಸೇ ಗತಿ.

೪. ಈಗ ಉಲ್ಲೇಖ ೨ರ ವಿಚಾರ. ಸೋಮವಾರ ಬಸ್ಸು ಹತ್ತುವಾಗ ಸಿಸ್ಟರಿನ ಮುಖ ನೋಡುವ ಹಾಗಿರಲಿಲ್ಲ. ಲಾಯಿಲ ಬಂದಾಗ ಎಂದಿನಂತೆ ಕಂಬಿ ತಟ್ಟಿ ಎಬ್ಬಿಸಲು ಹೋದರೆ ಅಣ್ಣು ಶೆಟ್ಟರು ಕೈ ಅಡ್ಡ ಹಿಡಿದರು. "ಪಾಪ, ಎಬ್ಬಿಸ್ಬೇಡ. ಉಜಿರೆಗೆ ಹೋಗಿ ವಾಪಸ್ ಬರುವಾಗ ಇಳಿಸುವ." ಇಡೀ ಬಸ್ಸು ಹೌದೆಂದಿತು. ಡ್ರೈವರು ಹಾರ್ನ್ ಕೂಡ ಹಾಕಲಿಲ್ಲ. ನಮ್ಮ ಸರ್ವಿಸ್ ಬಸ್ಸಿನವರು ಹಾರ್ನ್ ಹಾಕದೆ ಬಿಡುವುದೆಂದರೆ ಮೇಡಂ, ಅದು ಉಸಿರೇ ಬಿಟ್ಟ ಹಾಗೆ.

ಆದರೆ ಉಜಿರೆಯಲ್ಲಿ ಮದುವೆಗೆ ಹೊರಟ ಎರಡು ಸಂಸಾರ ತುಂಬಿಕೊಂಡವು. ರೇಷ್ಮೆ ಸೀರೆ, ಮಲ್ಲಿಗೆ, ಉಡುಗೊರೆಯ ಡಬ್ಬಗಳ ಹಿಂದೆ ಸಿಸ್ಟರ್ ಮುಚ್ಚಿಹೋದರು. ಕೆಳಸಹಿದಾರನು ಹಿಂಬಾಗಿಲಲ್ಲಿ ಜೋತಾಡುತ್ತಿದ್ದನು. ಲಾಯಿಲ ಬಂತು, ಹೋಯಿತು.

೫. ಸಿಸ್ಟರ್ ಕಣ್ಣು ಬಿಟ್ಟಾಗ ಎದುರಿಗೆ ಮೂಡುಬಿದಿರೆ ಬಸ್‌ಸ್ಟ್ಯಾಂಡು. ಈ ಬಸ್ಸಿನಿಂದ ಈ ಸ್ಟ್ಯಾಂಡಿನಲ್ಲಿ ಇಳಿಯುವುದೆಂದರೆ ಅವರ ಲೆಕ್ಕದಲ್ಲಿ ಡ್ಯೂಟಿಗೆ ಹೊತ್ತಾಯಿತು ಎಂದೇ. ಇಳಿದರು, ನಳ್ಳಿಯಲ್ಲಿ ಮುಖ ತೊಳೆದರು, ಕೂದಲು ಸರಿ ಮಾಡಿಕೊಂಡು ನೆಟ್ಟಗೆ ತಮ್ಮ ಆಸ್ಪತ್ರೆಗೆ ನಡೆದರು. ಬೆಳಗಿನ ಬಿಸಿಲು ಏರಿದ್ದನ್ನು ಅವರು ಗಮನಿಸಲಿಲ್ಲ. ಅದನ್ನು ಬಿಡಿ. ವಾರ್ಡಿನಲ್ಲಿದ್ದವರು ಗಮನಿಸಬೇಕಿತ್ತು. ನೀನು ಈಗ ಮನೆಗೆ ಹೋದವಳಲ್ಲವೇ ಎಂದು ಒಬ್ಬರಾದರೂ ಕೇಳಬೇಕಿತ್ತು. ಡೇ ಡ್ಯೂಟಿಯ ಶಬ್ನಾ ಸಿಸ್ಟರ್ ಒಬ್ಬರೇ ಮೂವರ ಕೆಲಸ ಮಾಡುತ್ತಿದ್ದರು. "ಬಂದ್ಯಾ? ದೇವರೇ ಕಳಿಸಿದ ಹಾಗಾಯ್ತು, ಇವತ್ತು ಜನವೇ ಇಲ್ಲ" ಎಂದು ಟ್ರೇ ಕೈಗೆ ಕೊಟ್ಟರು. ಕಳಿಸಿದ್ದು ದೇವರಲ್ಲ, ನಮ್ಮ ಬಸ್ಸು.

೬. ತಮ್ಮ ವಾರ್ಡಿನಲ್ಲಿ ಶುಗರಿಗೆಂದು ಸೇರಿದ್ದ ಆಸ್ಯಮ್ಮ ಕೆಳಸಹಿದಾರನ ಉಮ್ಮನ ತಂಗಿ, ಅಂದರೆ ಚಿಕ್ಕಮ್ಮ. ಸಿಸ್ಟರ್ ರೂಢಿಯಂತೆ ಬೆಳಗಿನ ಇನ್ಸುಲಿನನ್ನು ಸಿರಿಂಜಿಗೆ ಎಳೆದುಕೊಂಡು ಅವರ ಹಾಸಿಗೆಯ ಪಕ್ಕ ಹೋಗಿ ನಿಂತರು. ಆಸ್ಯಮ್ಮ ತೋಳು ಕೊಡಲಿಲ್ಲ.

"ಅಲ್ಲ ಮಗಳೇ, ಬೆಳಿಗ್ಗೆ ನೀನೇ ಅಲ್ವಾ ಚುಚ್ಚಿ ಹೋದದ್ದು? ಮನೆಗೆ ಹೋಗ್ಲಿಲ್ವಾ ನೀನು?"

ಸಿಸ್ಟರ್ ಸಿರಿಂಜು ನೋಡಿದರು, ಕಿಟಕಿಯ ಬಿಸಿಲು ನೋಡಿದರು. ಸಿರಿಂಜನ್ನು ಟ್ರೇಯಲ್ಲಿ ಇಟ್ಟು, ನಿಯಮಕ್ಕೆ ವಿರುದ್ಧವಾಗಿ ರೋಗಿಯ ಹಾಸಿಗೆಯ ಅಂಚಿನಲ್ಲಿ ಕುಳಿತು ಅತ್ತುಬಿಟ್ಟರು. ಆಸ್ಯಮ್ಮ ಕಾಲು ಮಡಚಿಕೊಂಡು ಅವರಿಗೆ ಜಾಗ ಮಾಡಿಕೊಟ್ಟರು.

೭. ಮರುದಿನ ಬಸ್ಸಿನಲ್ಲಿ ಸಿಸ್ಟರ್ ಮೊದಲ ಬಾರಿಗೆ ನಿದ್ರೆ ಮಾಡಲಿಲ್ಲ. "ಅವರು ಕೇಳದಿದ್ರೆ ಏನಾಗ್ತಿತ್ತು ಹಸೈನಾರಣ್ಣ? ಅವರು ನಿದ್ದೆಯಲ್ಲಿದ್ದಿದ್ರೆ? ಇನ್ನು ನಂಗೆ ಸಿರಿಂಜ್ ಹಿಡಿಯಲಿಕ್ಕೇ ಹೆದರಿಕೆ ಆಗ್ತದೆ. ನಾನು ಕೆಲಸ ಬಿಡ್ತೇನೆ" ಎಂದರು. ಅಣ್ಣು ಶೆಟ್ಟರಿಗೂ ಒಂದು "ಆದ್ದರಿಂದ" ಸಿಗಲಿಲ್ಲ.

ಮೇಡಂ, ಆಸ್ಯಮ್ಮ ಹೇಳುವುದು ಹೀಗೆ: "ಆ ಹುಡುಗಿ ಚುಚ್ಚಿದ್ರೆ ಚುಚ್ಚಿದ್ದೇ ಗೊತ್ತಾಗುದಿಲ್ಲ. ಅವಳು ಬಿಟ್ರೆ ನಾನು ಯಾರಿಗೂ ಕೈ ಕೊಡುದಿಲ್ಲ." ಅಂದು ಅಪಾಯದಿಂದ ತಪ್ಪಿಸಿಕೊಂಡವರೇ ಹೀಗೆ ಹೇಳುತ್ತಿರುವಾಗ ಉಳಿದವರು ಸುಮ್ಮನಿರಲು ಬರುವುದಿಲ್ಲ. ಸಿಸ್ಟರಿಗೆ ಬೇಸರ ಬಂದಿರುವುದು ಕೆಲಸದ ಮೇಲಲ್ಲ. ಅವರಿಗೆ ನಿದ್ದೆ ಇಲ್ಲ, ಅಷ್ಟೇ. ಈ ಅಷ್ಟೇ ಎಂಬುದು ಒಂದು ಜೀವಕ್ಕೆ ಸಂಚಕಾರ ತರುವುದರಲ್ಲಿತ್ತು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದೊಡ್ಡ ಮನಸ್ಸು ಮಾಡಿ:

(ಅ) ಸಿಸ್ಟರಿಗೆ ಕೂಡಲೇ ಕೆಲವು ದಿನದ ರಜೆ ಕೊಟ್ಟು, ಆಮೇಲೆ ಹಗಲಿನ ಡ್ಯೂಟಿ ಹಾಕಬೇಕು. ಮುಂದಿನ ತಿಂಗಳು ಅಲ್ಲ.
(ಆ) ವಾರ್ಡಿಗೆ ಇನ್ನಷ್ಟು ಜನರನ್ನು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಲ ಶಬ್ನಾ ಸಿಸ್ಟರ್ ತಮ್ಮೂರು ತೋಡಾರಿನ ಬಸ್ಸಿನಲ್ಲಿ ನಾಡಿ ಎಣಿಸುತ್ತಾರೆ.
(ಇ) ಮನೆಗೆ ಹೋದವರು ಅದೇ ಬೆಳಿಗ್ಗೆ ತಿರುಗಿ ಬಂದರೆ ಟ್ರೇ ಕೊಡದೆ, ಮನೆಗೆ ಕಳಿಸಿಕೊಡಬೇಕು. ಬಸ್ ಚಾರ್ಜು ನಮ್ಮದು.

ಪ್ರತಿಯಾಗಿ, ಕೆಳಸಹಿದಾರರು ಇನ್ನು ಮುಂದೆ ಕರುಣೆಯಿಂದ ಯಾರನ್ನೂ ಸ್ಟಾಪು ದಾಟಿಸುವುದಿಲ್ಲ. ಕಾಂತಿಯಕ್ಕನೂ ಮೀನಿನವನಿಗೆ ಕೈಸನ್ನೆಯಲ್ಲೇ ಹೇಳಲು ಒಪ್ಪಿದ್ದಾರೆ. ಇದು ಎಷ್ಟು ದಿನ ನಡೆಯುತ್ತದೆ ಎಂದು ಹೇಳಲಾಗದು.

ಇಂತಿ, ತಮ್ಮ ವಿಶ್ವಾಸಿಗಳೂ ಇಂದು ಕೆಲಸಕ್ಕೆ ತಡವಾಗಲಿರುವವರೂ ಆದ,
ಹಸೈನಾರ್ ಮತ್ತು ಪ್ರಯಾಣಿಕರು

ಲಗತ್ತುಗಳು:
೧. ಪ್ರಯಾಣಿಕರ ಸಹಿಗಳು. ಬಸ್ಸು ಓಡುವಾಗ ಹಾಕಿದ್ದರಿಂದ ಎಲ್ಲರದೂ ಒಂದೇ ರೀತಿ ಕಾಣುತ್ತವೆ. ಆಸ್ಯಮ್ಮನವರದು ಹೆಬ್ಬೆಟ್ಟು.
೨. ಕಾಂತಿಯಕ್ಕ ಕಳಿಸಿದ ಕೆಸುವಿನೆಲೆಯ ಪತ್ರೊಡೆ, ಒಂದು ಡಬ್ಬಿ. ಇದು ಲಂಚವಲ್ಲ. ಡಬ್ಬಿ ವಾಪಸ್ ಬೇಕು.
೩. ಸಿಸ್ಟರ್ ತೃಪ್ತಿ, ಮೂಲಪ್ರತಿ. ಅಣ್ಣು ಶೆಟ್ಟರು ಈ ಅರ್ಜಿಯನ್ನು ತಮ್ಮ ಕೈಗೆ ಕೊಡುವ ಹೊತ್ತಿಗೆ ನಮ್ಮ ಬಸ್ಸು ತಮ್ಮ ಗೇಟಿನೆದುರು ಎಂಜಿನ್ ಆಫ್ ಮಾಡಿ ನಿಂತಿರುತ್ತದೆ. ಹಿಂದಿನ ಬಸ್ಸು ನಮ್ಮ ಟೈಮು ತಿಂದು ಮುಂದೆ ಹೋದರೂ ಅಡ್ಡಿಯಿಲ್ಲ. ಮುಂಬಾಗಿಲ ಹತ್ತಿರದ ಕಿಟಕಿ ಸೀಟು. ದಯವಿಟ್ಟು ಚಪ್ಪಲಿ ಕಳಚಿ ಹತ್ತತಕ್ಕದ್ದು. ಪಕ್ಕದ ಸೀಟು ತಮಗಾಗಿ ಖಾಲಿ ಇಡಲಾಗಿದೆ. ಅವರು ತಮ್ಮ ಕೈ ಹಿಡಿದು ಎಣಿಸತೊಡಗಿದರೆ, ಎಣಿಸಿ ಮುಗಿಯುವವರೆಗೆ ಕೈ ಬಿಡಿಸಿಕೊಳ್ಳಬಾರದಾಗಿ ವಿನಂತಿ.