ಸಾಕ್ಷಿ ಹೇಳಬೇಕಿದ್ದ ಗೋಡೆ

ಆ ಮನೆಯ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿತ್ತು ಎಂದರೆ ಸಾಲದು. ಬೂಷ್ಟಿಗೆ ಅಲ್ಲಲ್ಲಿ ಒಂದಿಷ್ಟು ಗೋಡೆ ಹಿಡಿದಿತ್ತು ಎನ್ನಬೇಕು.

ಮನೆಯ ಯಜಮಾನರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಒಂದು ಅಲ್ಪವಿರಾಮ ತಪ್ಪಿದರೂ ಅನ್ನ ಸೇರದ ಜೀವ. ಅಲ್ಲಿ ಎಲ್ಲರ ಬಾಯಲ್ಲೂ ಅವರು ‘ಅಲ್ಪವಿರಾಮಯ್ಯ’. (ಬೂಷ್ಟಿಗೆ ಮಾತ್ರ ಅಲ್ಪವಿರಾಮವೂ ಇರಲಿಲ್ಲ, ಪೂರ್ಣವಿರಾಮವೂ ಇರಲಿಲ್ಲ.) ಉಜ್ಜಿ ತೊಳೆದರೆ ಒಂಬತ್ತೇ ದಿನಕ್ಕೆ ‘ಪರಿಷ್ಕೃತ ಹಾಗೂ ವಿಸ್ತೃತ’ ಮುದ್ರಣವಾಗಿ ಮರಳುತ್ತಿತ್ತು. ಬಣ್ಣ ಬಳಿದರೆ ಬಣ್ಣದ ಮೇಲೇ ಬೆಳೆಯಿತು. ಬೀರು ಅಡ್ಡ ಇಟ್ಟರೆ ಒಳಗೆ ನುಗ್ಗಿ ಬೆಲ್ಟು, ಬೂಟು, ಕೊನೆಗೆ ಅವರ ಪದವಿ ಪತ್ರದ ಮೇಲೂ ಹಸಿರು ಮೊಹರು ಒತ್ತಿತು. ತಾಯಿಯ ಕೆಮ್ಮಂತೂ ದಿನದಿನಕ್ಕೆ ಜೋರಾಯಿತು. “ಔಷಧಿ ಇರಲಿ, ಮೊದಲು ಗೋಡೆ ಒಣಗಿಸಿ” ಎಂದುಬಿಟ್ಟರು ಡಾಕ್ಟರು.

ಹೊರಗೋಡೆ ಬಿರುಕು ಬಿಟ್ಟು ಕಟ್ಟಡದ ಇಪ್ಪತ್ತೂ ಮನೆಗೆ ನೀರು ಒಸರುತ್ತಿತ್ತು. ರಿಪೇರಿ ಮಾಡಿಸಬೇಕಾದವರು ಬಾಡಿಗೆ ವಸೂಲಿ ಮಾಡುವ ಕಟ್ಟಡದ ಮಾಲೀಕರು. ಅಲ್ಪವಿರಾಮಯ್ಯ ಅವರಿಗೆ ಹನ್ನೊಂದು ಅರ್ಜಿ ಬರೆದರು. ಒಂದರಲ್ಲೂ ಕಾಗುಣಿತದ ತಪ್ಪಿರಲಿಲ್ಲ, ಒಂದಕ್ಕೂ ಉತ್ತರವಿರಲಿಲ್ಲ. ಹನ್ನೆರಡನೆಯದಕ್ಕೆ ಎಲ್ಲ ಮನೆಯವರ ಸಹಿ ಹಾಕಿಸಿದ ಮೇಲೆ ಫೋನು ಬಂತು: “ಎರಡು ವಾರ ಬಿಟ್ಟು ಶನಿವಾರ ಬರ್ತೀನಿ. ನಿಮ್ಮ ಮನೆಯೊಂದನ್ನ ನೋಡ್ತೀನಿ, ಸಾಕು.”

ಆ ಕ್ಷಣದಿಂದ ಗೋಡೆ ಮುಟ್ಟುವುದು ನಿಷಿದ್ಧವಾಯಿತು.

“ಅದು ಬರೀ ಬೂಷ್ಟಲ್ಲ ಕಣೇ, ಸಾಕ್ಷಿ!”

“ನಿಮ್ಮ ಸಾಕ್ಷಿ ವಾಸನೆ ಹೊಡೀತಿದೆ ರೀ,” ಎಂದಳು ಹೆಂಡತಿ.

“ಹೊಡೀಲಿ, ಚೆನ್ನಾಗಿ ಹೊಡೀಲಿ. ಕಿಟಕಿ ತೆಗೀಬೇಡ, ಒಣಗಿಬಿಟ್ಟೀತು.”

ಎರಡು ವಾರ ಅದನ್ನು ಕೂಸಿನಂತೆ ಸಾಕಿದರು. ಅದೂ ಮಾತು ಕೇಳುವ ಕೂಸು. ಶುಕ್ರವಾರದ ಹೊತ್ತಿಗೆ ಕಪ್ಪು, ಹಸಿರು, ಬೂದು ಮೂರೂ ಬಣ್ಣದಲ್ಲಿ ಚಾವಣಿ ಮುಟ್ಟಿತ್ತು. ಅಂಥ ದರಿದ್ರ ಗೋಡೆಯನ್ನು ಅಷ್ಟು ಸಂತೋಷದಿಂದ ನೋಡಿದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ದಾರಿಯಲ್ಲೇ ಮಾಲೀಕರನ್ನು ಎದುರುಗೊಂಡು, ಸಹಿ ಹಾಕಿದ ನೆರೆಯವರನ್ನೂ ಕೂಡಿಸಿಕೊಂಡು ಅಲ್ಪವಿರಾಮಯ್ಯ ದಿಗ್ವಿಜಯಕ್ಕೆ ಹೊರಟವರಂತೆ ಮೆಟ್ಟಿಲೇರಿದರು. ಬಾಗಿಲು ತೆರೆದೊಡನೆ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಕೋಣೆಗೆ ನುಗ್ಗಿ ನೋಡಿದರೆ, ಗೋಡೆ ಹಾಲಿನಂತೆ ಬೆಳ್ಳಗಿತ್ತು.

“ಯಾ... ಯಾರು ಮಾಡಿದ್ದು ಇದನ್ನ?”

“ನಾವೇ ಕಣೋ,” ಎಂದರು ತಾಯಿ ಹೆಮ್ಮೆಯಿಂದ. “ನಾನು ಕೂತು ತೋರಿಸ್ದೆ, ಇವಳು ಉಜ್ಜಿದ್ಲು. ದೊಡ್ಡ ಮನುಷ್ಯರು ಮನೆಗೆ ಬರೋವಾಗ ಆ ಕೊಳಕು ತೋರಿಸೋಕೆ ನಮಗೇನು ಮಾನ ಇಲ್ವಾ?”

“ಇಷ್ಟು ದಿನ ತಡ್ಕೊಂಡೆ ರೀ,” ಎಂದಳು ಹೆಂಡತಿ. “ಕೊನೇ ಘಳಿಗೇಲಿ ಮನಸ್ಸು ಕೇಳ್ಲಿಲ್ಲ.”

(ಹದಿನಾಲ್ಕು ವರ್ಷದಲ್ಲಿ ಅತ್ತೆ ಸೊಸೆ ಒಂದೇ ಪಕ್ಷಕ್ಕೆ ಸೇರಿದ್ದು ಅಂದೇ ಮೊದಲು.)

ಮಾಲೀಕರು ಗೋಡೆಯ ಮೇಲೆ ಬೆರಳೆಳೆದು, ಬೆರಳು ನೋಡಿಕೊಂಡು, ನೆರೆಯವರತ್ತ ತಿರುಗಿದರು. “ಇದೇ ಕಟ್ಟಡ, ಇದೇ ಗೋಡೆ. ಬಿರುಕಿದ್ರೆ ಇಲ್ಲೂ ಬೂಷ್ಟು ಬರಬೇಕಿತ್ತಲ್ಲ? ದೋಷ ಗೋಡೇದಲ್ಲ, ಮೈಗಳ್ಳತನದ್ದು!”

“ಸಾರ್, ಬೆಳಿಗ್ಗೆವರೆಗೂ ಇತ್ತು! ನಮ್ಮಮ್ಮನ ಕೆಮ್ಮು ಕೇಳಿ ಸಾರ್, ಗೊತ್ತಾಗುತ್ತೆ. ಅಮ್ಮಾ, ಸ್ವಲ್ಪ ಕೆಮ್ಮು!”

ಬಂದವರ ಮುಂದೆ ಕೆಮ್ಮುವುದೆಂದರೆ! ತಾಯಿ ಸೆರಗು ಬಾಯಿಗೊತ್ತಿ, ಕಣ್ಣಲ್ಲಿ ನೀರು ಬಂದರೂ ಉಸಿರು ಬಿಗಿಹಿಡಿದರು. “ನಂಗೇನಾಗಿದ್ಯೋ? ಗುಂಡುಕಲ್ಲಿನ ಹಾಗಿದೀನಿ.”

“ಕೇಳಿದ್ರಲ್ಲ,” ಎಂದರು ಮಾಲೀಕರು. “ನಾಳೆಯಿಂದ ಈ ಯಜಮಾನರೇ ಎಲ್ಲರ ಮನೆಗೂ ಬಂದು ಗೋಡೆ ಉಜ್ಜೋದು ಕಲಿಸಿಕೊಡ್ತಾರೆ.” ಅಷ್ಟು ಹೇಳಿ, ನೀರನ್ನೂ ಕುಡಿಯದೆ ಇಳಿದುಹೋದರು.

ಮೂರನೇ ಮಹಡಿಯ ಟೈಲರಮ್ಮ, ಎಲ್ಲರಿಗಿಂತ ಮೊದಲು ಸಹಿ ಹಾಕಿದವಳು, ಸೊಂಟಕ್ಕೆ ಕೈಯಿಟ್ಟು ನಿಂತಳು. “ಭಲೇ ಮನುಷ್ಯರಪ್ಪಾ! ನಮ್ಮ ಕೈಲಿ ಸಹಿ ಹಾಕಿಸಿ, ನೀವು ಮಾತ್ರ ಗೋಡೆ ತೊಳ್ಕೊಂಡು ಒಳ್ಳೆಯವರಾದ್ರಿ. ನಾಳೆ ಏಳಕ್ಕೆಲ್ಲ ನಮ್ಮನೇಲಿರಬೇಕು ನೀವು.”

ಭಾನುವಾರ ಏಳಕ್ಕೆ ಅಲ್ಪವಿರಾಮಯ್ಯ ಅವಳ ಮನೆಯ ಸ್ಟೂಲಿನ ಮೇಲಿದ್ದರು, ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಬಕೆಟ್ಟು. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಟೈಲರಮ್ಮ ಹೇಳಿದಳು:

“ಎಡಗಡೆ ಮೂಲೆ ಹಾಗೇ ಬಿಟ್ರಲ್ಲ ಸಾರ್. ಬೇಗ ಬೇಗ ಉಜ್ಜಿ, ಹೊರಗೆ ಇನ್ನೂ ಹದಿನೆಂಟು ಮನೆಯವರು ಕಾಯ್ತಾ ನಿಂತಿದಾರೆ.”