ಮೋಡಕ್ಕೆ ಎರಡೇ ಸೀಟು

ಚಿಂತೆ ಮಾಡುವ ಮನುಷ್ಯ ಕಾರು ಇಟ್ಟುಕೊಳ್ಳಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಕಾರು ಕೊಳ್ಳುವ ಶಕ್ತಿ ನನಗೆ ಎಂದೂ ಬಾರದ್ದರಿಂದ ಈ ನಂಬಿಕೆಗೆ ಇದುವರೆಗೆ ಧಕ್ಕೆಯಾಗಿಲ್ಲ. ಬಸ್ಸಿನಲ್ಲಿ ಕೂತರೆ ಬ್ರೇಕಿನ ಚಿಂತೆ ಡ್ರೈವರನದು, ಟೈರಿನ ಚಿಂತೆ ಡಿಪೋದವರದು, ಚಿಲ್ಲರೆಯ ಚಿಂತೆ ಕಂಡಕ್ಟರನದು. ಉಳಿದವನ್ನಷ್ಟೇ ನಾನು ವಹಿಸಿಕೊಂಡರೆ ಸಾಕು. ಅವೂ ಕಡಿಮೆಯೇನಲ್ಲ. ಮುಂದಿನ ಸೀಟಿನವನು ಉಗುಳುವ ಮುನ್ನ ನನ್ನ ಕಿಟಕಿ ಮುಚ್ಚಿಕೊಂಡೀತೇ ಎಂಬಲ್ಲಿಂದ ಹಿಡಿದು, ಮನೆಯಲ್ಲಿ ಗ್ಯಾಸು ಬಂದ್ ಮಾಡಿದ್ದೇವೆಯೇ ಎಂಬಲ್ಲಿಯವರೆಗೆ ಹಬ್ಬಿಕೊಂಡಿರುತ್ತವೆ.

ಇಂಥ ನನಗೆ, ತೊಂಬತ್ತರ ದಶಕದ ಕೊನೆಯಲ್ಲಿ, ಹೆಂಡತಿ ಒಂದು ಬೇಡಿಕೆ ಇಟ್ಟಳು. ಮಹಾನಂದಾ ಹುಲಸೂರಿನ ಮಗಳು, ಬಸವಕಲ್ಯಾಣದ ಸೊಸೆ. ಚಿನ್ನ ಕೇಳಿದವಳಲ್ಲ, ಇಳಕಲ್ ಸೀರೆ ಕೇಳಿದವಳಲ್ಲ. ಆ ವರ್ಷ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಹಸಿರು ಗುಡ್ಡವೊಂದರ ತಲೆಯ ಮೇಲೆ ಮೋಡ ಕುಳಿತ ಚಿತ್ರವಿತ್ತು. ಅದನ್ನು ತಿಂಗಳುಗಟ್ಟಲೆ ನೋಡಿ, ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಹೇಳಿದಳು, “ಏನ್ರಿ, ನನಗ ಒಮ್ಮೆ ಮೋಡ ಮುಟ್ಟಬೇಕಾಗ್ಯದ ನೋಡ್ರಿ.”

ನಮ್ಮ ಕಡೆಯ ಮೋಡಗಳು ಮುಟ್ಟಿಸಿಕೊಳ್ಳುವ ಜಾತಿಯವಲ್ಲ. ಮಹಾರಾಷ್ಟ್ರದ ಕಡೆಯಿಂದ ಬಂದು, ತೊಗರಿ ಹೊಲದ ಮೇಲೆ ಅಧಿಕಾರಿಗಳ ಹಾಗೆ ಪರಿಶೀಲನೆ ನಡೆಸಿ, ತೆಲಂಗಾಣದ ಕಡೆ ಹೋಗಿಬಿಡುತ್ತವೆ. ವಿಚಾರಿಸಿದಾಗ ಆ ಚಿತ್ರ ಕುದುರೆಮುಖದ್ದೆಂದು ತಿಳಿಯಿತು. ರಾಜ್ಯದ ಒಂದು ಮೂಲೆಯಲ್ಲಿ ನಾವು, ಇನ್ನೊಂದು ಮೂಲೆಯಲ್ಲಿ ಅದು. ಅದೂ ರಾಷ್ಟ್ರೀಯ ಉದ್ಯಾನ, ಅಂದರೆ ಹುಲಿಯಿದ್ದರೂ ಅದು ಸರಕಾರದ ಹುಲಿ. ಬೈಯುವಂತೆಯೂ ಇಲ್ಲ.

ಹುಮನಾಬಾದಿನಲ್ಲಿ ದಾಲ್ ಮಿಲ್ ನಡೆಸುವ ಅವಳ ತಮ್ಮ ಅದೇ ತಾನೆ ಹೊಸ ಕಾರು ಕೊಂಡಿದ್ದ. “ಮಾಮಾ, ನಮ್ಮ ಗಾಡಿ ಒಯ್ರಿ. ಡ್ರೈವರ್‌ನೂ ಕಳಸ್ತೀನಿ. ಅಕ್ಕನ್ನ ಆ ಗುಡ್ಡದಾಗ ಬಸ್ ಕಾಯ್ಕೋತ ಕೂಡಸಬ್ಯಾಡ್ರಿ” ಎಂದ.

“ಘಟ್ಟದಾಗ ಬ್ರೇಕ್ ಹತ್ತಲಿಲ್ಲಂದ್ರ?” ಎಂದೆ.

“ಹೊಸಾ ಗಾಡಿ ಅದರಿ ಮಾಮಾ!”

“ಅದಕ್ಕೇ ಹೆದರಿಕಿ. ಹಳೇದಿದ್ರ ಬ್ರೇಕ್ ಹತ್ತೂದಿಲ್ಲಂತ ಮೊದಲೇ ಗೊತ್ತರೆ ಇರ್ತದ.”

“ಬಿಡೋ ತಮ್ಮಾ,” ಎಂದಳು ಮಹಾನಂದಾ. “ಇವರು ಕುಂತ್ರ ಗಾಡಿಗೇ ಹೆದರಿಕಿ ಆಗ್ತದ.” ಆಮೇಲೆ ನನ್ನ ಕಡೆ ತಿರುಗಿ, “ಬಸ್ಸಿಗೇ ಹೋಗಮು. ಆದ್ರ ಮೋಡ ಮುಟ್ಟದೇ ತಿರುಗಿ ಬಂದೆ ಅಂದ್ರ ನೋಡ್ರಿ ಮತ್ತ” ಎಂದಳು. ‘ನೋಡ್ರಿ ಮತ್ತ’ ಎಂದರೆ ಏನೆಂದು ಅವಳು ಎಂದೂ ಬಿಡಿಸಿ ಹೇಳಿದವಳಲ್ಲ. ಹೇಳದಿರುವುದರಲ್ಲೇ ಅದರ ಬಲವಿದೆ.

ಇಲ್ಲಿ ನನ್ನ ಒಂದು ಪರಿಣತಿಯ ಬಗ್ಗೆ ಹೇಳಬೇಕು. ನನ್ನ ಕಚೇರಿ ಹುಮನಾಬಾದಿನಲ್ಲಿ, ಮನೆ ಬಸವಕಲ್ಯಾಣದಲ್ಲಿ. ದಿನಾ ನಡುವಿನ ರಾಜೇಶ್ವರ ಎಂಬ ಊರಿನ ಮೇಲಿಂದ ಜೀಪಿನಲ್ಲಿ ಓಡಾಟ. ಈ ಜೀಪುಗಳಿಗೆ ಗಡಿಯಾರದ ಜೊತೆ ಯಾವ ಸಂಬಂಧವೂ ಇಲ್ಲ. ಸೀಟು ತುಂಬಿದರೆ ಹೊರಡುತ್ತವೆ, ತುಂಬದಿದ್ದರೆ ಡ್ರೈವರ್ ಚಹಾಕ್ಕೆ ಹೋಗುತ್ತಾನೆ. ಆದ್ದರಿಂದ ಮೊದಲು ಹತ್ತಿದವನೇ ಕತ್ತು ಹೊರಗೆ ಚಾಚಿ ಕೂಗಿ ಜನ ಸೇರಿಸುವುದು ನಮ್ಮಲ್ಲಿ ರೂಢಿ. ಜೀಪು ಪೂರ್ತಿ ಖಾಲಿಯಿದ್ದರೂ “ಎರಡೇ ಸೀಟು, ಎರಡೇ ಸೀಟು” ಎಂದು ಕೂಗಬೇಕು. ಎಷ್ಟೋ ವರ್ಷಗಳ ಸಾಧನೆಯಿಂದ ಈ ವಿದ್ಯೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕಚೇರಿಯ ಕೆಲಸದಲ್ಲಿ ಅಷ್ಟಿರಲಿಲ್ಲ.

ಮಕ್ಕಳನ್ನು ಹುಲಸೂರಿನ ಅಜ್ಜಿಗೆ ಒಪ್ಪಿಸಿ, ರೊಟ್ಟಿ ಕಟ್ಟಿಕೊಂಡು, ಬಸ್ಸು ಇಳಿದು ಬಸ್ಸು ಹತ್ತಿ ಕಡೆಗೂ ಆ ಕಾಡಿನ ತನಿಖಾ ಠಾಣೆಯ ಮುಂದೆ ಇಳಿದೆವು. ನಾವು ಬಂದ ಬಸ್ಸು ಬೇರೆ ದಾರಿ ಹಿಡಿಯಿತು. ಕ್ಯಾಲೆಂಡರಿನ ಗುಡ್ಡ ಇನ್ನೂ ಮೇಲಿತ್ತು. ಅಲ್ಲಿಗೆ ಬಸ್ಸಿಲ್ಲ, ನಡೆದು ಹೋಗಲು ಅಪ್ಪಣೆಯಿಲ್ಲ, ಕಾರಿದ್ದವರು ಮಾತ್ರ ಚೀಟಿ ಮಾಡಿಸಿಕೊಂಡು ಸುಯ್ಯೆಂದು ಹೋಗುತ್ತಿದ್ದರು. ಊರ ಕಡೆ ಮರಳಲು ಸಂಜೆಗೆ ಒಂದೇ ಬಸ್ಸು, ಅದೇ ಕಡೆಯದು. ಮಹಾನಂದಾ ಹೋಗುವ ಕಾರುಗಳನ್ನು ನೋಡಿದಳು, ನನ್ನನ್ನು ನೋಡಿದಳು. ತಮ್ಮನ ಹೆಸರು ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಅಷ್ಟರಲ್ಲಿ ಮರದ ಕೆಳಗೆ ಹಸಿರು ಬಣ್ಣದ ಜೀಪೊಂದು ಕಂಡಿತು. ಡ್ರೈವರ್ ಇಲ್ಲ, ಬಾಗಿಲು ತೆರೆದಿದೆ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಬಾಗಿಲಿನ ಮೇಲೆ ಏನೋ ಬರೆದಿತ್ತು. ಆದರೆ ಜೀಪಿನ ಮೇಲೆ ಬರೆದದ್ದನ್ನು ನಮ್ಮಲ್ಲಿ ಯಾರು ಓದುತ್ತಾರೆ? ಶಾಲಾ ವಾಹನ ಎಂದು ಬರೆದುಕೊಂಡು ಆಡು ಸಾಗಿಸುವುದನ್ನು ಕಣ್ಣಾರೆ ಕಂಡವನು ನಾನು. ಮಹಾನಂದಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಾನು ಹಿಂದೆ ಏರಿ, ಕತ್ತು ಹೊರಗೆ ಚಾಚಿದೆ.

“ಮ್ಯಾಲಿನ ಗುಡ್ಡ! ಮ್ಯಾಲಿನ ಗುಡ್ಡ! ಎರಡೇ ಸೀಟು ಬರ್ರಿ!”

ನನ್ನಂತೆ ಕಾರಿಲ್ಲದ ಎಷ್ಟೊಂದು ಜೀವಗಳು ಆ ಕಾಡಿನಲ್ಲಿ ಅಡಗಿದ್ದವೋ! ಹೊಸದಾಗಿ ಮದುವೆಯಾದ ಜೋಡಿಯೊಂದು ಓಡಿ ಬಂತು. ಕೋಲೂರಿದ ಅಜ್ಜಿ ಬಂದರು. ಕಾರ್ಕಳದ ಕಡೆಯ ಒಂದು ಗುಂಪು ಬಂತು. ಯಾರಿಗೂ ಇಲ್ಲವೆನ್ನಲಿಲ್ಲ. “ಸ್ವಲ್ಪ ಸರಕೋರಿ, ಅಜ್ಜಿಗಿ ಜಾಗಾ ಮಾಡ್ರಿ, ಮದುಮಗ ಒಂದೀಟು ವಾರಿ ಆಗ್ರಿ” ಎಂದು ಎಲ್ಲರನ್ನೂ ಜೋಡಿಸಿದೆ. ಉಳಿದ ಒಬ್ಬರನ್ನು ಬಾನೆಟ್ ಮೇಲೆ ಏರಿಸಲು ನೋಡುತ್ತಿದ್ದಾಗ ಖಾಕಿ ಅಂಗಿಯ ಡ್ರೈವರ್ ಚಹಾದ ಗ್ಲಾಸು ಹಿಡಿದುಕೊಂಡು ಬಂದ. ಗ್ಲಾಸು ಬಾಯಿಯ ಹತ್ತಿರವೇ ನಿಂತಿತು.

“ಯಾರು ಮಾರಾಯ್ರೆ ನಿಮ್ಮನ್ನೆಲ್ಲ ಇದರಲ್ಲಿ ತುಂಬಿಸಿದ್ದು?”

ಎಲ್ಲರ ಬೆರಳುಗಳೂ ನನ್ನ ಕಡೆ ತಿರುಗಿದವು. ಮದುಮಗ, “ಇವರು ಏಜೆಂಟ್ ಅಂತ ತಿಳ್ಕೊಂಡ್ವಿ” ಎಂದ. ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಮಾತ್ರ, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲವೆಂಬಂತೆ ಕಾಡನ್ನು ನೋಡುತ್ತಿದ್ದಳು.

“ಇದು ಅರಣ್ಯ ಇಲಾಖೆ ಗಾಡಿ. ಬಾಡಿಗೆ ಜೀಪಲ್ಲ!”

“ಇಲಾಖೆದಿದ್ರ ಏನಾತ್ರಿ?” ಎಂದೆ, ಅಭ್ಯಾಸ ಬಲದಿಂದ. “ಸೀಟಂತೂ ತುಂಬ್ಯಾವಲ್ಲ. ಬಿಡ್ರಿ ಇನ್ನ.”

ಅವನು ಎಲ್ಲರನ್ನೂ ಇಳಿಸಿದ. ಆಗ ಮಹಾನಂದಾ ಅವನ ಮುಂದೆ ನಿಂತಳು. “ಅಣ್ಣಾ, ಬೀದರ್ ಕಡೀಂದ ಬಂದೀವ್ರಿ. ಒಮ್ಮೆ ಮೋಡ ಮುಟ್ಟಿ ಹೋಗ್ತೀನಿ. ಇವರ ಬುದ್ಧಿ ನೋಡಿ ನನಗ ಶಿಕ್ಷಾ ಕೊಡಬ್ಯಾಡ್ರಿ.”

ಡ್ರೈವರ್ ತಲೆ ಕೆರೆದುಕೊಂಡ. ಠಾಣೆಯೊಳಗೆ ಹೋಗಿ ಸಾಹೇಬರನ್ನು ಕೇಳಿ ಬಂದ. “ಮೇಲಿನ ಕ್ಯಾಂಪಿಗೆ ಅಕ್ಕಿ ಕೊಟ್ಟು ವಾಪಸ್ ಬರ್ತೇನೆ. ಅಕ್ಕ ಬರಲಿ, ಆ ಅಜ್ಜಿಯೂ ಬರಲಿ. ಎರಡೇ ಸೀಟು. ಮತ್ತೆ ನೀವು ಮಾತ್ರ ಬೇಡ. ನೀವಿದ್ರೆ ದಾರಿಯಲ್ಲಿ ಇನ್ನಷ್ಟು ಜನ ಹತ್ತಿಸ್ತೀರಿ.”

ಹೀಗೆ ನನ್ನ ಜೀವಮಾನದಲ್ಲಿ ಮೊದಲ ಸಲ ‘ಎರಡೇ ಸೀಟು’ ಎಂಬ ಮಾತು ನಿಜವಾಯಿತು. ಅದರಲ್ಲಿ ನಾನಿರಲಿಲ್ಲ. “ಚೀಲ ಕಾಯ್ರಿ” ಎಂದು ಹೇಳಿ ಹೆಂಡತಿ ಹೊರಟುಹೋದಳು.

ಜೀಪು ತಿರುವಿನಲ್ಲಿ ಮರೆಯಾದದ್ದೇ ತಡ, ಚಿಂತೆಗಳು ಸೀಟು ಹಿಡಿದವು. ಬ್ರೇಕು ಹತ್ತದಿದ್ದರೆ? ಕಾಡುಕೋಣ ಅಡ್ಡ ಬಂದರೆ? ಕಡೆಯ ಬಸ್ಸು ಮೊದಲೇ ಬಂದರೆ ಬಸ್ಸು ನಿಲ್ಲಿಸುವುದೋ, ಹೆಂಡತಿಯನ್ನು ಕಾಯುವುದೋ? ಹೀಗೆ ಯೋಚಿಸುತ್ತಿರುವಾಗ ಕಾಡಿನೊಳಗಿಂದ ಬೆಳ್ಳಗಿನದೇನೋ ಸದ್ದಿಲ್ಲದೆ ಬಂದು ರಸ್ತೆಯನ್ನು, ಗೇಟನ್ನು, ನನ್ನ ಚೀಲಗಳನ್ನು ನುಂಗಿತು. ಬಸ್ಸಿನ ಡ್ರೈವರನಿಗೆ ನಾವು ಕಾಣುವುದಿಲ್ಲವಲ್ಲ ಎಂಬ ಚಿಂತೆಯೂ ಸೇರಿಕೊಂಡಿತು. ಕೊರಳಲ್ಲಿದ್ದ ಮಫ್ಲರನ್ನು ಕಿವಿ, ಮೂಗು ಮುಚ್ಚುವಂತೆ ಸುತ್ತಿಕೊಂಡು ಕಣ್ಣು ಮುಚ್ಚಿ ಕುಳಿತೆ. ನಡುವೆ ಒಂದು ಕಣ್ಣು ತೆರೆದು ನೋಡಿದರೆ, ಹೊಸ ಜೋಡಿ ರಸ್ತೆಯಲ್ಲಿ ಕೈ ಚಾಚಿ ಕುಣಿಯುತ್ತಿತ್ತು. “ಬನ್ನಿ ಅಂಕಲ್!” ಎಂದಳು ಮದುಮಗಳು. “ನೆಗಡಿ ಆಗ್ತದಮ್ಮ” ಎಂದೆ. ಬಹಳ ಹೊತ್ತು ಅದು ನನ್ನ ಸುತ್ತ ತಿರುಗಾಡಿ, ಬೇಸರವಾಗಿ ಹೋಯಿತು.

ಜೀಪು ಮರಳಿತು. ಮಹಾನಂದಾಳ ಮುಖ ಚಿಕ್ಕದಾಗಿತ್ತು. “ಮ್ಯಾಲೆ ಏನೂ ಇಲ್ರಿ. ನಮ್ಮೂರಿನ ಬಿಸಲೇ ಬಂದು ಕುಂತದ. ಒಂದು ಚೂರು ಮೋಡ ಇಲ್ಲ.”

“ಹೋಗಲಿ ಬಿಡು, ಬಸ್ಸಂತೂ ತಪ್ಪಲಿಲ್ಲ” ಎಂದೆ.

ಮದುಮಗಳು ನಡುವೆ ಬಾಯಿ ಹಾಕಿದಳು. “ಅಯ್ಯೋ ಆಂಟಿ! ಮೋಡ ಪೂರ್ತಿ ಇಲ್ಲೇ ಇಳಿದಿತ್ತು. ಅಂಕಲ್ ಅದರ ಮಧ್ಯದಲ್ಲೇ ಕೂತಿದ್ರು.”

ಮಹಾನಂದಾ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಬಚ್ಚಿಡುವಂತಿರಲಿಲ್ಲ. ‘ನೋಡ್ರಿ ಮತ್ತ’ ಎಂಬುದರ ಅರ್ಥ ಈಗ ತಿಳಿಯುತ್ತದೆ ಎಂದು ಕಾದೆ. ಅವಳು ನನ್ನ ಕೊರಳಿನಿಂದ ಮಫ್ಲರ್ ಬಿಚ್ಚಿಕೊಂಡಳು, ಒಮ್ಮೆ ಮೆಲ್ಲಗೆ ಹಿಂಡಿ, ಒದ್ದೆಯಾದ ಅಂಗೈಯನ್ನು ನೋಡಿ ನಕ್ಕಳು. ಅಷ್ಟರಲ್ಲಿ ಬಸ್ಸು ಬಂತು.

ದಾರಿಯುದ್ದಕ್ಕೂ ಅವಳು ಕಿಟಕಿಯ ಪಕ್ಕ ಕೂತು, ಮಫ್ಲರನ್ನು ಮಡಿಲಲ್ಲಿ ಹರವಿ, ಎರಡೂ ಅಂಗೈ ಅದರ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ನಾನು ಬರಿಗೊರಳಿನಲ್ಲಿ ಗಾಳಿಗೆ ನಡುಗುತ್ತಿದ್ದೆ. ಕೊಡು ಎನ್ನುವ ಧೈರ್ಯವಾಗಲಿಲ್ಲ. ಹಾಗಂತ ಸುಮ್ಮನೆ ಕೂಡ್ರುವ ಸ್ವಭಾವವೂ ನನ್ನದಲ್ಲವಲ್ಲ. ಬಸವಕಲ್ಯಾಣ ಮುಟ್ಟುವ ಮೊದಲೇ ಮೋಡ ಒಣಗಿಬಿಟ್ಟರೆ ಹೇಗೆ ಎಂದು ಚಿಂತೆ ಹತ್ತಿತು.